ಸರಿ ಇದ್ದ ಸಾವಿರ ಕೈಗಳು

ಹೋದ ಮಂಗಳವಾರ ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕುಳಿತಳು. ಎಡಗೈಯನ್ನು ಆಸ್ಪತ್ರೆಯ ನೀಲಿ ಪಟ್ಟಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದಳು. ಬಸ್ಸು ಹೊರಟು ಕಿಟಕಿಯ ಗಾಳಿ ಬೀಸಿದ ಕೂಡಲೇ ಅವಳ ಕಡೆಯಿಂದ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಬಂತು. ಮೊದಲು ಕಹಿ, ಆಮೇಲೆ ಹೊಗೆ, ಕೊನೆಯಲ್ಲಿ ಬೆಳ್ಳುಳ್ಳಿ. ಕೇಳದೆ ಇರಲು ಆಗಲಿಲ್ಲ.

“ಈ ಎಣ್ಣಿ ಎಲ್ಲಿದ್?”

“ಉಪ್ಪುಂದದ್. ಮೂಳೆ ಕಟ್ಟು ಪದ್ದಕ್ಕ ಅಂದೇಳಿ ಇದ್ದಿರಲೆ, ಅವ್ರ ಮನಿದ್. ಅವ್ರ್ ಹೋಯಿ ಒಂದ್ ವರ್ಷ ಮೇಲಾಯ್ತ್. ಈಗ ಸೊಸೆ ಎಣ್ಣಿ ಮಾತ್ರ ಕಾಯ್ಸಿ ಕೊಡ್ತಳ್. ಕಟ್ಟುಕೆ ಯಾರೂ ಇಲ್ಲೆ. ಒಬ್ಳ್ ಹೆಣ್ ಕಲ್ತಿದ್ಲ್ ಅಂಬ್ರ್. ಅವ್ಳ್ ಎಲ್ಲ್ ಹೋಯ್ಳೋ, ಎಂತ ಕತಿಯೋ.”

ನಾನು ಕಿಟಕಿಯಾಚೆ ನೋಡಿದೆ. ಆ ಹೆಣ್ಣು ನಾನೇ ಎಂದು ಹೇಳಲಿಲ್ಲ. ಪದ್ದಕ್ಕ ತೀರಿಕೊಂಡ ಸುದ್ದಿ ಬಂದ ದಿನವೂ ನಾನು ಉಪ್ಪುಂದಕ್ಕೆ ಹೋಗಿರಲಿಲ್ಲ. ಮಂಗಳವಾರ ಸಂಜೆ ಮನೆಗೆ ಬಂದವಳು ಕಪಾಟಿನ ತಳದಿಂದ ಮೂರು ವರ್ಷದ ಹಿಂದಿನ ಡೈರಿ ತೆಗೆದೆ.

ಏಳನೇ ತರಗತಿಯಿಂದ ನನಗೆ ಡೈರಿಯ ಅಭ್ಯಾಸ. ತಾರೀಕು, ಮಳೆ ಬಿಸಿಲು, ಮಾಡಿದ ಕೆಲಸ, ಎಷ್ಟು ಸಲ, ಎಷ್ಟು ಹೊತ್ತು. ಮನಸ್ಸಿನ ಮಾತು ಬರೆಯುವ ಡೈರಿ ಅದಲ್ಲ. ಲೆಕ್ಕ ಹಾಕಲಾಗದ್ದನ್ನು ನಾನು ಬರೆಯುತ್ತಿರಲಿಲ್ಲ. ಆ ವರ್ಷದ ದುಃಖವೆಲ್ಲ ಆ ಪುಸ್ತಕದಲ್ಲಿ ಒಂದೂ ದುಃಖದ ಮಾತಿಲ್ಲದೆ ತಾರೀಕುವಾರು ಬರೆದಿಟ್ಟಿದೆ.

ನಾನು ಪದ್ದಕ್ಕನಲ್ಲಿಗೆ ಮೊದಲು ಹೋದದ್ದು ರೋಗಿಯಾಗಿ. ಮೇ ತಿಂಗಳಲ್ಲಿ ಸ್ಕೂಟಿಯಿಂದ ಬಿದ್ದು ಪಾದ ತಿರುಚಿತ್ತು. ಅಪ್ಪ ಬೈಂದೂರು ಸ್ಟೇಷನ್ ಎದುರು ರಿಕ್ಷಾ ಓಡಿಸುವವರು. ಅದೇ ರಿಕ್ಷಾದಲ್ಲಿ ನನ್ನನ್ನು ಕೂರಿಸಿಕೊಂಡು ಹೋದರು. ಉಪ್ಪುಂದದಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಕಡೆಗೆ ಇಳಿದರೆ, ಬಲೆ ಒಣಗಿಸುವ ಬಯಲಿನ ಪಕ್ಕ ಹೆಂಚಿನ ಮನೆ. ಅಂಗಳದಲ್ಲಿ ಎಪ್ಪತ್ತು ದಾಟಿದ ಹೆಂಗಸು ಬಂಗುಡೆ ಹೆಚ್ಚುತ್ತಿದ್ದರು. ಕೈ ತೊಳೆದು ಬಂದು ನನ್ನ ಪಾದ ಹಿಡಿದದ್ದೇ ನಾನು ಕಿರುಚಿದೆ.

“ಹ್ವಾಯ್, ಕೂಗ್ಬ್ಯಾಡ. ನಿನ್ ಕೂಗ್ ಕೇಂಡ್ರೆ ಇಲ್ಲ್ ಕಾಲ್ ಕಡೀತಿದ್ರ್ ಅಂದ್ಕಂತ್ರ್ ಜನ.”

ನಗು ಬಂತು. ಆ ನಗುವಿನ ನಡುವೆಯೇ ಒಳಗೆಲ್ಲೋ ಟಕ್ ಎಂದಿತು, ನೋವು ಅರ್ಧಕ್ಕೆ ಇಳಿಯಿತು. ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಳಿದು, ನೆನೆಸಿದ ಅಡಿಕೆ ಹಾಳೆಯ ಪಟ್ಟಿಗಳನ್ನಿಟ್ಟು, ಹಳೆಯ ಸೀರೆಯ ಬಟ್ಟೆಯಿಂದ ಸುತ್ತಿದರು. ಹನ್ನೊಂದು ನಿಮಿಷ. ಇಪ್ಪತ್ತೊಂದನೇ ದಿನ ನಾನು ನಡೆದೆ. ನಡೆದುಕೊಂಡೇ ಅವರಲ್ಲಿಗೆ ಹೋಗಿ, ನನಗೆ ಕಲಿಸಿ ಎಂದೆ.

“ಕಲ್ತ್ ಎಂತ ಮಾಡ್ತೆ? ಡಿಗ್ರಿ ಆಯಿತ್ ಅಂಬ್ರ್. ನೌಕ್ರಿ ಹಿಡಿ.”

“ನೌಕ್ರಿ ಸಿಕ್ಕುವರೆಗೆ ಬತ್ತೆ.”

“ಸಿಕ್ಕುವರೆಗೆ ಕಲೂಕೆ ಇದ್ ಟೈಲರಿಂಗ್ ಅಲ್ಲ ಹೆಣೆ.”

ಒಳಗಿನಿಂದ ಸೊಸೆ ಜಲಜ ನಕ್ಕಳು. ಅವಳಿಗೆ ಅತ್ತೆ ಕಲಿಸಲು ನೋಡಿ ಸೋತಾಗಿತ್ತು. “ನಂಗೆ ಕೋಳಿ ಕಾಲ್ ಮುರೂಕೇ ಹೆದ್ರಿಕಿ, ಇನ್ ಜನ್ರದ್ದ್ ಕೂಡ್ಸೂದಾ?” ಎಂದು ಅವಳು ಮೊದಲೇ ಕೈ ಮುಗಿದಿದ್ದಳು. ಅವಳ ಗಂಡ, ಪದ್ದಕ್ಕನ ಮಗ ಭಾಸ್ಕರ ಬೋಟಿಗೆ ಹೋಗುವವನು, ವಾರಗಟ್ಟಲೆ ಕಡಲಲ್ಲಿ. ಅತ್ತೆಯಿಂದ ಸೊಸೆಗೆ ಬರುತ್ತಿದ್ದ ವಿದ್ಯೆ ಪದ್ದಕ್ಕನ ಹತ್ತಿರ ನಿಂತಿತ್ತು. ಅದಕ್ಕೇ ಇರಬೇಕು, ನಾಲ್ಕನೇ ಸಲ ಕೇಳಿದಾಗ ಒಪ್ಪಿದರು.

ಜೂನ್ ೪. ಮೋಡ. ಮೊದಲ ದಿನ. ಡೈರಿಯಲ್ಲಿ ಇಷ್ಟೇ ಇದೆ. ಆ ದಿನ ಅವರು ಹೇಳಿದ್ದು ಮಾತ್ರ ಬರೆಯದೆಯೂ ನೆನಪಿದೆ.

“ಮುರ್ದದ್ದ್ ಗೊತ್ತಾಯ್ಕ್ ಅಂದ್ರೆ ಮೊದ್ಲ್ ಸರಿ ಇದ್ದದ್ದ್ ಗೊತ್ತಿರ್ಕ್. ನೀ ಈಗ ಮುರ್ದ ಕೈ ಮುಟ್ಟುಕಾಗ. ಸರಿ ಇದ್ದ ಕೈ ಮುಟ್ಟ್. ಸಾವಿರ ಕೈ ಆಗ್ಲಿ, ಆಮೇಲ್ ನೀರ್ ಬಿಡ್ತೆ. ನಮ್ಮತ್ತೆ ನಂಗೂ ಹಾಂಗೇ ಹೇಳದ್ದ್.”

ನೀರು ಬಿಡುವುದೆಂದರೆ ವಿದ್ಯೆಯನ್ನು ಒಪ್ಪಿಸುವುದು. ಕಲಿಸಿದವರು ಬಾವಿಕಟ್ಟೆಯಲ್ಲಿ ನಿಂತು ಕಲಿತವರ ಬಲ ಅಂಗೈಗೆ ಚೊಂಬಿನ ನೀರು ಬಿಡುತ್ತಾರೆ. ಅದನ್ನು ಕುಡಿದ ಗಳಿಗೆಯಿಂದ ಕಟ್ಟುವ ಹಕ್ಕು ಅವರದ್ದು. ಕೊಟ್ಟವರಿಗೆ ಆ ಹಕ್ಕು ಮತ್ತೆ ಇಲ್ಲ. ಅವರು ಮುಟ್ಟಬಾರದು, ಇನ್ನೊಬ್ಬರು ಕಟ್ಟುವಾಗ ಸರಿ ತಪ್ಪು ಹೇಳಬಾರದು. ಹೇಳಿದರೆ ಮೂಳೆ ಕೂಡುವುದಿಲ್ಲ ಎಂದು ನಂಬಿಕೆ. ಪದ್ದಕ್ಕನ ಅತ್ತೆ ನೀರು ಬಿಟ್ಟುಕೊಟ್ಟ ಮೇಲೆ ಹನ್ನೊಂದು ವರ್ಷ ಬದುಕಿದ್ದರಂತೆ, ಒಂದು ಬೆರಳನ್ನೂ ಮುಟ್ಟಲಿಲ್ಲವಂತೆ.

ನನ್ನ ಕೆಲಸ ಸುರುವಾಯಿತು. ಮಳೆಗಾಲ ಮೂಳೆ ಕಟ್ಟುವವರ ಸುಗ್ಗಿ. ಅಂಗಳದಲ್ಲಿ, ಬಾವಿಯ ಮೆಟ್ಟಿಲಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ ಹಾವಸೆ, ಜಾರದವರು ಯಾರು? ಬೋಟುಗಳೆಲ್ಲ ದಡಕ್ಕೆ ಬಂದಿದ್ದರಿಂದ ಗಂಡಸರೂ ಮನೆಯಲ್ಲೇ ಇದ್ದರು, ಅವರೂ ಬೀಳುತ್ತಿದ್ದರು. ಒಬ್ಬ ರೋಗಿ ಬಂದರೆ ಜೊತೆಗೆ ಇಬ್ಬರು ಬರುತ್ತಾರೆ. ಆ ಇಬ್ಬರು ನನಗೆ. ಪದ್ದಕ್ಕ ಅವರನ್ನು ಕರೆದು, “ಸುಮ್ನೆ ಕೂಕಂಡ್ ಎಂತ ಮಾಡ್ತ್ರಿ, ಇವ್ಳಿಗ್ ಕೈ ಕೊಡಿ” ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ ಭುಜದ ಗುಳಿಯಿಂದ ಉಗುರಿನ ತುದಿಯವರೆಗೆ ಬೆರಳಾಡಿಸುತ್ತಿದ್ದೆ. ಬಲೆ ಎಳೆದವರ ಭುಜ ಒಂದು ಬದಿಗೆ ಇಳಿದಿರುತ್ತದೆ. ಗೇರುಬೀಜ ಫ್ಯಾಕ್ಟರಿಯ ಹೆಂಗಸರ ಹೆಬ್ಬೆರಳ ಬುಡ ಗಟ್ಟಿ. ಮೀನು ಬುಟ್ಟಿ ಹೊರುವವರ ಮುಂಗೈಯಲ್ಲಿ, ಬುಟ್ಟಿ ಹಿಡಿದು ಹಿಡಿದು, ಒಂದು ಸಣ್ಣ ತಿರುವು. ಸರಿ ಇದ್ದದ್ದು ಎಂದರೆ ಒಂದೇ ನಮೂನೆ ಎಂದುಕೊಂಡಿದ್ದೆ. ಅದು ಸುಳ್ಳು ಎಂದು ಜೂನ್ ಕೊನೆಯೊಳಗೆ ತಿಳಿಯಿತು.

ಪ್ರತಿ ಕೈಗೆ ಡೈರಿಯಲ್ಲಿ ಒಂದು ಗೀಟು. ಪದ್ದಕ್ಕ ಕಟ್ಟಿದ ಪ್ರತಿಯೊಬ್ಬರಿಗೂ ಒಂದು ಸಾಲು: ಎಲ್ಲಿ ಪೆಟ್ಟು, ಎಷ್ಟು ಸುತ್ತು ಬಟ್ಟೆ, ಎಷ್ಟು ಹಾಳೆಪಟ್ಟಿ, ಕಟ್ಟಿದ ಹೊತ್ತು. ರಕ್ತ ಬಂದದ್ದು, ತೊಡೆಯದ್ದು, ತಲೆಯದ್ದು ಅವರು ಮುಟ್ಟುತ್ತಿರಲಿಲ್ಲ. “ಅದ್ ನಮ್ದಲ್ಲ, ಕುಂದಾಪ್ರಕ್ ಕರ್ಕಂಡ್ ಹೋಯ್ನಿ” ಎಂದು ತಾವೇ ರಿಕ್ಷಾ ಕರೆಸುತ್ತಿದ್ದರು. ಅದನ್ನೂ ಬರೆದೆ. ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು, ‘ಮಾತು’ ಎಂದು. ಕಟ್ಟಿ ಮುಗಿದ ಮೇಲೂ ಪದ್ದಕ್ಕ ಯಾರನ್ನೂ ಕೂಡಲೇ ಕಳಿಸುತ್ತಿರಲಿಲ್ಲ. ಜಲಜ ಕಾಫಿ ತರುತ್ತಿದ್ದಳು. ಪದ್ದಕ್ಕ ರೋಗಿಯ ಬೆರಳು ಹಿಡಿದುಕೊಂಡು ಊರ ಸುದ್ದಿ ಎತ್ತುತ್ತಿದ್ದರು.

ಜುಲೈಯಲ್ಲಿ ಸಾಲಿಗ್ರಾಮದಿಂದ ಒಬ್ಬ ಯಕ್ಷಗಾನದ ವೇಷಧಾರಿ ಬಂದ. ಬಚ್ಚಲಲ್ಲಿ ಜಾರಿ ಪಾದದ ಗಂಟು ಊದಿಸಿಕೊಂಡಿದ್ದ. ಕಟ್ಟಿಯಾದ ಮೇಲೆ ಪದ್ದಕ್ಕ ಅವನ ಕಾಲ್ಬೆರಳು ಹಿಡಿದುಕೊಂಡು, “ರಾತ್ರಿಡೀ ಕುಣ್ದ್ರೂ ಬೀಳ್ದವ ಬಚ್ಚಲಲ್ ಬಿದ್ದದ್ದಾ? ರಾವಣನ ವೇಷ ಅಂಬ್ರ್. ಹತ್ ತಲಿ ಇದ್ದ್ ಒಂದ್ ಕಣ್ಣಿಗೂ ಕಾಣ್ಲಿಲ್ಯಾ?” ಎಂದರು.

“ಇಪ್ಪತ್ ಕಣ್ಣೂ ಸೋಪ್ ಹುಡ್ಕ್ತಿದ್ದೋ ಪದ್ದಕ್ಕ,” ಎಂದ ಅವನು.

ಮನೆ ತುಂಬ ನಗು. ನಾನು ಜಗಲಿಯ ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದೆ. ಕಟ್ಟು: ೧೪ ನಿಮಿಷ. ಮಾತು: ೩೫ ನಿಮಿಷ. ಒಂದು ಬಸ್ಸು ತಪ್ಪಿತು.

ಮಾತಿನ ಹೊತ್ತು ನನ್ನ ಬರವಣಿಗೆಯ ಹೊತ್ತು. ಹಾಗೆಂದು ನಾನೇ ಗೊತ್ತು ಮಾಡಿಕೊಂಡಿದ್ದೆ.

ಆಗಸ್ಟ್ ೯ರಂದು ಪದ್ದಕ್ಕ ಬಾವಿಯ ಹತ್ತಿರ ತಲೆ ತಿರುಗಿ ಬಿದ್ದರು. ಪೆಟ್ಟಾಗಲಿಲ್ಲ, ಆದರೆ ರಕ್ತದೊತ್ತಡ ಹೆಚ್ಚಿದೆಯೆಂದು ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಅಲ್ಲಿಯವರೆಗೆ ನನ್ನ ಡೈರಿಯಲ್ಲಿದ್ದದ್ದು ಇನ್ನೂರ ಮೂವತ್ತೊಂದು ಕೈ. ಆ ಮೂರು ದಿನ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಇದೇ ವೇಗದಲ್ಲಿ ಹೋದರೆ ಸಾವಿರಕ್ಕೆ ಮುಂದಿನ ಮಾರ್ಚ್ ಆಗುತ್ತದೆ, ಮಳೆ ಹೋದ ಮೇಲೆ ಬೀಳುವವರೂ ಕಡಿಮೆ, ಅಂದರೆ ಇನ್ನೂ ತಡ. ಅಷ್ಟರಲ್ಲಿ ಇವರು ಹೋದರೆ? ವಿದ್ಯೆ ಹೋಗಿಬಿಡುತ್ತದೆಂಬ ಭಯ ಅರ್ಧ. ಅದು ನನಗೇ ಸಿಗಬೇಕೆಂಬ ಆಸೆ ಇನ್ನರ್ಧ. ಈಗ ಎರಡನ್ನೂ ಒಪ್ಪಿಕೊಳ್ಳುತ್ತೇನೆ.

ಪದ್ದಕ್ಕ ಮನೆಗೆ ಬಂದ ಮಾರನೆಯ ದಿನದಿಂದ ನಾನು ಕೈಗಳನ್ನು ಹುಡುಕಿಕೊಂಡು ಹೊರಟೆ. ಬೈಂದೂರು ಸ್ಟೇಷನ್ನಿನಲ್ಲಿ ರೈಲು ಕಾಯುವವರು, ಸ್ವಸಹಾಯ ಸಂಘದ ಸಭೆ, ಬಲೆ ಹೆಣೆಯುವ ಶೆಡ್ಡು, ಅಪ್ಪನ ರಿಕ್ಷಾ ಸ್ಟ್ಯಾಂಡಿನ ಚಾಲಕರು. “ಒಂಚೂರ್ ಕೈ ಕೊಡಿ, ಕಲೂಕೆ” ಎಂದರೆ ಯಾರೂ ಇಲ್ಲ ಎನ್ನಲಿಲ್ಲ. ಜ್ಯೋತಿಷ್ಯ ಎಂದುಕೊಂಡವರೂ ಇದ್ದರು. ಸ್ಟೇಷನ್ನಿನಲ್ಲಿ ಒಬ್ಬ ಮುದುಕ, ಮುಂಬೈಗೆ ಹೊರಟವನು, “ಕೈ ಕಂಡಾಯ್ತಲೆ, ಇನ್ ಮದಿ ಯಾವಾಗ ಅಂದ್ ಹೇಳ್ ಮಾರಾಯ್ತಿ. ಹೆಂಡ್ತಿಗ್ ಗೊತ್ತಾಯ್ದೆ ಇನ್ನೊಂದ್ ಆಪುಕಿತ್ತಾ?” ಎಂದು ಸಾಲಿನವರನ್ನೆಲ್ಲ ನಗಿಸಿದ. ಆಗಸ್ಟ್ ೨೭ರಂದು ಒಂದೇ ದಿನ ಅರವತ್ತನಾಲ್ಕು ಕೈ. ಕಣ್ಣು ಮುಚ್ಚುತ್ತಿದ್ದೆ, ಬೆರಳಾಡಿಸುತ್ತಿದ್ದೆ, ಕಣ್ಣು ಬಿಟ್ಟು ಗೀಟು ಎಳೆಯುತ್ತಿದ್ದೆ. ಕೊನೆಕೊನೆಗೆ ಯಾರ ಕೈ ಹೇಗಿತ್ತೆಂದು ಸಂಜೆಗೆ ನೆನಪಿರುತ್ತಿರಲಿಲ್ಲ. ಗೀಟು ಇರುತ್ತಿತ್ತು.

ಸೆಪ್ಟೆಂಬರ್ ೧೨. ತುಂತುರು. ಸಾವಿರ.

ಅದೇ ಸಂಜೆ ಡೈರಿ ಹಿಡಿದುಕೊಂಡು ಉಪ್ಪುಂದಕ್ಕೆ ಓಡಿದೆ. ಪದ್ದಕ್ಕ ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿಯುತ್ತಿದ್ದರು.

“ಸಾವಿರ ಆಯ್ತ್ ಪದ್ದಕ್ಕ.”

ಅವರು ಬಟ್ಟೆ ಹರಿಯುವುದನ್ನು ನಿಲ್ಲಿಸಿದರು. “ಸಾವಿರ ಆಯ್ತಾ? ನಂಗೆ ಎಂಟ್ ವರ್ಷ ಹಿಡ್ದಿತ್ತ್.”

“ಬರ್ದ್ ಇಟ್ಟಿದ್ದೆ. ಕಾಣಿ.”

ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಪುಟ ತಿರುಗಿಸಿದರು. ಐದೈದು ಗೀಟಿನ ಕಟ್ಟುಗಳ ಮೇಲೆ ಬೆರಳಿಟ್ಟು, ಸಾಲಿನುದ್ದಕ್ಕೂ ಎಳೆದು ನೋಡಿದರು. “ಗೆರಿ ಲಾಯ್ಕಿತ್ತ್,” ಎಂದರು. ಜಲಜ ಬಾಗಿಲಲ್ಲಿ ನಿಂತಿದ್ದಳು. “ಅತ್ತೆ, ಇಷ್ಟ್ ಗಡಿಬಿಡಿ ಎಂತಕೆ? ಇನ್ನೊಂದ್ ಮಳಿ ಕಳೀಲಿ,” ಎಂದಳು. ಪದ್ದಕ್ಕ ನನ್ನ ಮುಖ ನೋಡಿದರು. ನಾನು ಏನಾದರೂ ಹೇಳಲಿ ಎಂದು ಕಾದಂತಿತ್ತು. ಜಲಜ ಹೇಳಿದ್ದು ಸರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

“ಹೇಳದ್ ಮಾತ್ ಹೇಳದ್ದೇ,” ಎಂದು ಅವರು ಮತ್ತೆ ಬಟ್ಟೆ ಹರಿಯತೊಡಗಿದರು.

ಸೆಪ್ಟೆಂಬರ್ ೧೫ರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಬಿಟ್ಟರು. ಹಿತ್ತಾಳೆಯ ಚೊಂಬು, ಒಂದು ಎಳೆ ತುಳಸಿ, ಅತ್ತೆಯ ಹೆಸರು, ಅತ್ತೆಯ ಅತ್ತೆಯ ಹೆಸರು. ನಾನು ಕುಡಿದೆ. ಪದ್ದಕ್ಕ ಚೊಂಬನ್ನು ಮಗುಚಿ ಇಟ್ಟು, “ಇನ್ ನಂದಲ್ಲ” ಎಂದರು. ಆಮೇಲೆ ಎರಡೂ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವರಂತೆ ಒಂದು ಗಳಿಗೆ ಹಾಗೇ ನಿಂತರು. ಆ ನಿಲುವು ಡೈರಿಯಲ್ಲಿಲ್ಲ.

ಮುಂದಿನ ಹನ್ನೆರಡು ದಿನಗಳಲ್ಲಿ ನಾಲ್ಕು ಜನರಿಗೆ ಕಟ್ಟಿದೆ. ಎಲ್ಲ ಸಣ್ಣ ಉಳುಕು. ನಾನು ಕಟ್ಟುವಾಗ ಪದ್ದಕ್ಕ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ, ನಮಗೆ ಬೆನ್ನು ಹಾಕಿ ಕೂರುತ್ತಿದ್ದರು. ನಾಲ್ಕೂ ಜನ ವಾಸಿಯಾದರು. ನನ್ನ ಸರಾಸರಿ ಹತ್ತು ನಿಮಿಷ. ಪದ್ದಕ್ಕನಿಗಿಂತ ಬೇಗ ಎಂದು ಅಡಿಗೆರೆ ಹಾಕಿ ಬರೆದಿದ್ದೇನೆ.

ಸೆಪ್ಟೆಂಬರ್ ೨೭ರ ಮಧ್ಯಾಹ್ನ ಜಲಜ ಫೋನ್ ಮಾಡಿದಳು. ಪದ್ದಕ್ಕ ಹಿತ್ತಲಿನ ಮೆಟ್ಟಿಲಲ್ಲಿ ಜಾರಿದ್ದರು. ಬಲಗೈ ಊರಿ ಬಿದ್ದದ್ದರಿಂದ ಮೊಣಕೈಯ ಕೆಳಗೆ ಮುರಿದಿತ್ತು. ನಾನು ಹೋದಾಗ ಜಲಜ ಚಪ್ಪಲಿ ಮೆಟ್ಟಿ, ಸೀರೆ ಬದಲಾಯಿಸಿ ತಯಾರಾಗಿದ್ದಳು. “ರಿಕ್ಷಾ ಬಪ್ಪುಕ್ ಹೇಳಿದ್ದೆ. ಆಸ್ಪತ್ರಿಗೆ ಹೋಪ ಅತ್ತೆ.”

ಪದ್ದಕ್ಕ ಜಗಲಿಯಲ್ಲಿ ಕುಳಿತಿದ್ದರು. ಎಡಗೈಯಲ್ಲಿ ಬಲಗೈಯನ್ನು ಮಗುವಿನಂತೆ ಹಿಡಿದುಕೊಂಡಿದ್ದರು.

“ಹೆಣ್ ಬಂತಲೆ. ಆಸ್ಪತ್ರಿ ಎಂತಕೆ?”

“ಪದ್ದಕ್ಕ, ಇದ್ ಉಳ್ಕಲ್ಲ. ಮುರ್ದದ್ದ್,” ಎಂದೆ.

“ಮುರ್ದದ್ದ್ ಕಟ್ಟುಕೇ ಅಲ್ದಾ ನೀರ್ ಬಿಟ್ಟದ್ದ್?” ಎಂದು ಕೈ ಮುಂದೆ ನೀಡಿದರು.

ಹೆದರಿಕೆಯಾಯಿತು, ಸುಳ್ಳಲ್ಲ. ಹೆಮ್ಮೆಯೂ ಆಯಿತು. ಮೂಳೆ ಸಿಕ್ಕಿತು. ಎಳೆದು ಕೂಡಿಸುವಾಗ ಅವರು ಹಲ್ಲು ಕಚ್ಚಿದರೇ ಹೊರತು ಕೂಗಲಿಲ್ಲ. ಹಿಟ್ಟು ಬಳಿದೆ, ನೆಂದ ಹಾಳೆಪಟ್ಟಿ ಆರು ಇಟ್ಟೆ, ಅಲುಗಾಡದ ಹಾಗೆ ಬಟ್ಟೆಯನ್ನು ಎಳೆದೆಳೆದು ಒಂಬತ್ತು ಸುತ್ತು ಸುತ್ತಿದೆ. ಎಲ್ಲ ಡೈರಿಯ ಪ್ರಕಾರ. ಇಪ್ಪತ್ತೆರಡು ನಿಮಿಷ. ಮೂಳೆ ನೇರ ಕೂತಿದೆ ಎಂದು ನನಗೆ ಗೊತ್ತಿತ್ತು, ಅದು ನಿಜವೂ ಆಗಿತ್ತು. ನಾನು ಪೆನ್ನು ತೆಗೆದು ಬರೆಯಲು ಕುಳಿತೆ.

ಪದ್ದಕ್ಕ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು. “ಜಲಜ, ಕಾಫಿ ತಾ. ಹೆಣೆ, ಇಲ್ಲ್ಬಂದ್ ಕೂಕೋ. ಒಂಚೂರ್ ಮಾತಾಡ್ವ.”

“ಐದೂ ನಲ್ವತ್ತರ ಬಸ್ ಇತ್ತ್ ಪದ್ದಕ್ಕ.”

“ಎಂತ ಗಡಿಬಿಡಿ? ಕೂಕೋ.”

“ನಾಳೆ ಬತ್ತೆ.”

ಅವರು ಮತ್ತೆ ಕರೆಯಲಿಲ್ಲ. ಮೂರನೆಯ ಸಲ ಕರೆದರೆ ಅದು ಹೇಳಿಕೊಟ್ಟಂತಾಗುತ್ತದೆಂದು ಸುಮ್ಮನಾದರೋ ಏನೋ. ಐದೂ ನಲವತ್ತರ ಬಸ್ಸು ನನಗೆ ಸಿಕ್ಕಿತು.

ಡೈರಿಯಲ್ಲಿ ಮುಂದಿನ ಎರಡು ದಿನ ಹೀಗಿವೆ.

ಸೆಪ್ಟೆಂಬರ್ ೨೮. ಇಡೀ ದಿನ ಮಳೆ. ಬೆಳಿಗ್ಗೆ ಹತ್ತಕ್ಕೆ ನೋಡಿದೆ. ಕಟ್ಟು ಒಣಗಿ ಗಟ್ಟಿಯಾಗಿದೆ, ಚೆನ್ನಾಗಿ ಹಿಡಿದಿದೆ. ಬೆರಳು ತಣ್ಣಗಿವೆ (ಮಳೆಗೆ). ಊದಿವೆ. ನೋವು ಹೆಚ್ಚು, ಅನ್ನ ಉಣ್ಣಲಿಲ್ಲ. ಮೂಳೆ ಮುರಿದರೆ ನೋವು ಇರುತ್ತದೆ.

ಸೆಪ್ಟೆಂಬರ್ ೨೯. ಮೋಡ. ಬೆರಳು ತಣ್ಣಗೆ, ಬಣ್ಣ ನೀಲಿ. ಪೆಟ್ಟಿನ ರಕ್ತ ಇಳಿದಿರಬೇಕು. ನೋವು ಕಡಿಮೆಯಾಗಿದೆ, ಬೆರಳು ಮುಟ್ಟಿದರೆ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಸುಧಾರಣೆ.

‘ಸುಧಾರಣೆ’ ಎಂಬ ಮಾತನ್ನು ಈಗ ಓದಲು ಆಗುವುದಿಲ್ಲ. ಕೈ ಸಾಯುತ್ತಿರುವುದನ್ನು ನಾನು ದಿನಾಂಕ ಹಾಕಿ, ತಪ್ಪಿಲ್ಲದೆ ಬರೆದಿಟ್ಟಿದ್ದೆ. ನೋಡಿರಲಿಲ್ಲ, ಅಷ್ಟೇ.

ಆ ಮಧ್ಯಾಹ್ನ ಭಾಸ್ಕರ ಕಡಲಿನಿಂದ ಬಂದ. ತಾಯಿಯ ಬೆರಳು ನೋಡಿದ. ಅವರನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕೂರಿಸಿದ. ಆಸ್ಪತ್ರೆಯಲ್ಲಿ ಕತ್ತರಿಯಿಂದ ಬಟ್ಟೆ ಕತ್ತರಿಸಿ, ಒಣಗಿ ಬಿಗಿದುಕೊಂಡಿದ್ದ ಹಾಳೆಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದರು. ಪಟ್ಟಿಗಳ ಅಚ್ಚು ಚರ್ಮದಲ್ಲಿ ಹೊಂಡದಂತೆ ಕೂತಿತ್ತು. ಕೂಡಲೇ ಆಪರೇಷನ್ ಎಂದರು. ಡಾಕ್ಟರು ಸಿಟ್ಟಿನಿಂದ, “ಇದನ್ನ ಕಟ್ಟಿದ್ದು ಯಾರು?” ಎಂದು ಕೇಳಿದಾಗ ನಾನು ಬಾಗಿಲ ಹತ್ತಿರವೇ ಇದ್ದೆ. ಪದ್ದಕ್ಕ ಮಲಗಿದಲ್ಲಿಂದಲೇ ಹೇಳಿದರು: “ನಾನೇ. ಎಡ್ಗೈಯಾಗ್ ಕಟ್ಕಂಡದ್ದ್.”

ಬಲಗೈ ಉಳಿಯಿತು, ಆದರೆ ಒಳಗಿನ ಮಾಂಸಖಂಡ ಬಹಳಷ್ಟು ಸತ್ತಿದೆ, ಬೆರಳುಗಳು ಮಡಚಿಕೊಂಡೇ ಇರುತ್ತವೆ ಎಂದರು. ಜಲಜ ನನ್ನನ್ನು ವರಾಂಡದಲ್ಲಿ ಹಿಡಿದು ನಿಲ್ಲಿಸಿದಳು. “ಒಂದ್ ಬಸ್ ತಪ್ಪಿದ್ರೆ ಇನ್ನೊಂದ್ ಇದ್ದಿತ್ ಅಲ್ದಾ?” ಎಂದಳು. ಅವಳು ನನ್ನ ಮೇಲೆ ಆಡಿದ ಸಿಟ್ಟಿನ ಮಾತು ಅದೊಂದೇ. ಆಗ ನನಗೆ ಅದು ಪೂರ್ತಿ ಅರ್ಥವಾಗಲಿಲ್ಲ.

ಅರ್ಥವಾದದ್ದು ಮರುದಿನ, ಪಕ್ಕದ ಹಾಸಿಗೆಯ ಎದುರು. ಕೈಗೆ ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬಳು ಅಲ್ಲಿದ್ದಳು. ನರ್ಸು ಅರ್ಧ ಗಂಟೆಗೊಮ್ಮೆ ಬಂದು ಅವಳ ಬೆರಳು ಹಿಡಿಯುತ್ತಿದ್ದಳು. ಬಿಸಿ ಇದೆಯಾ ಎಂದು ತನ್ನ ಬೆರಳಿಂದ ನೋಡುತ್ತಿದ್ದಳು. ಉಗುರು ಒತ್ತಿ ಬಿಟ್ಟು, ಕೆಂಪು ಮರಳಿ ಬರುವುದನ್ನು ಕಾಯುತ್ತಿದ್ದಳು. ಆ ಹೊತ್ತಿಗೆ ಏನಾದರೂ ಮಾತಾಡಬೇಕಲ್ಲ, “ಮನೆ ಎಲ್ಲಿ, ಮಕ್ಕಳೆಷ್ಟು” ಎನ್ನುತ್ತಿದ್ದಳು.

ನಾನು ಅಲ್ಲಿಂದ ಎದ್ದು ಹೋಗಿ, ಕೈ ತೊಳೆಯುವ ಬೇಸಿನ್ನಿನ ಹತ್ತಿರ ಗೋಡೆಗೆ ಒರಗಿ ನಿಂತೆ. ರಾವಣನ ಹತ್ತು ತಲೆಯ ಬಗ್ಗೆ ನಗುತ್ತ ಪದ್ದಕ್ಕ ಹಿಡಿದುಕೊಂಡಿದ್ದ ಕಾಲ್ಬೆರಳುಗಳು. ಸುದ್ದಿ ಮುಗಿದ ಮೇಲೂ ಬಿಡದೆ ಹಿಡಿದ ಬೆರಳುಗಳು. ಒಂದೊಂದು ಸಲ ಮಾತಿನ ನಡುವೆಯೇ, “ಕಾಣ್, ಒಂಚೂರ್ ಸಡ್ಲ ಮಾಡ್ವ” ಎಂದು ಕಟ್ಟು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಅದನ್ನು ನಾನು ‘ಮುದಿತನದ ಮರೆವು’ ಎಂದು ಅಂಚಿನಲ್ಲಿ ಬರೆದಿದ್ದೆ. ನೆಂದ ಹಾಳೆ ಒಣಗಿದರೆ ಬಿಗಿಯುತ್ತದೆ, ಪೆಟ್ಟು ಬಿದ್ದ ಕೈ ಊದುತ್ತದೆ. ಕಟ್ಟುವುದು ಕೆಲಸದ ಅರ್ಧ. ಉಳಿದರ್ಧ ಆ ಮಾತಿನೊಳಗಿತ್ತು. ಸರಿ ಇದ್ದ ಕೈ ಎಂದೂ ಊದುವುದಿಲ್ಲ. ಅಂಥ ಸಾವಿರ ಮುಟ್ಟಿದರೂ ಇದನ್ನು ಅವು ಕಲಿಸುವುದಿಲ್ಲ. ಸಾವಿರ ತುಂಬಲು ಹಿಡಿಯಬೇಕಾದ ಎಂಟು ವರ್ಷ ಕಲಿಸುತ್ತಿತ್ತು. ಆ ಸಂಜೆ ಕಾಲಂ ಕೂಡಿಸಿದೆ. ಆ ಮಳೆಗಾಲ ಪದ್ದಕ್ಕ ಕಟ್ಟಿದ್ದು ಐವತ್ತೆಂಟು ಜನರಿಗೆ. ‘ಮಾತು’ ಒಟ್ಟು ಇಪ್ಪತ್ತೆಂಟು ಗಂಟೆ ನಲವತ್ತು ನಿಮಿಷ. ಅಷ್ಟೂ ಹೊತ್ತು ನಾನು ಅವರಿಂದ ನಾಲ್ಕು ಮಾರು ದೂರದಲ್ಲಿ, ತಲೆ ತಗ್ಗಿಸಿ ಕುಳಿತಿದ್ದೆ.

ಗಾಯ ಮಾಗಿದ ಮೇಲೆ, ನವೆಂಬರ್ ೨೦ರಿಂದ, ದಿನವೂ ಹೋಗಿ ಅವರ ಕೈಗೆ ಎಣ್ಣೆ ಹಚ್ಚತೊಡಗಿದೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ, ಬೆಳಿಗ್ಗೆ ನಲವತ್ತು ನಿಮಿಷ. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ; ಬಿಟ್ಟ ಕೂಡಲೇ ಅವು ಮಡಚಿಕೊಳ್ಳುತ್ತಿದ್ದವು. ಅಳತೆಪಟ್ಟಿ ಇಟ್ಟು ತೋರುಬೆರಳ ತುದಿಗೂ ಅಂಗೈಗೂ ಇರುವ ದೂರ ಅಳೆದು ಬರೆಯುತ್ತಿದ್ದೆ. ನವೆಂಬರಿನಲ್ಲಿ ಎರಡು ಸೆಂಟಿಮೀಟರ್. ಮಾರ್ಚಿನಲ್ಲಿ ಎರಡು ಸೆಂಟಿಮೀಟರ್.

ಪದ್ದಕ್ಕ ಎಡಗೈಯಲ್ಲಿ ಉಣ್ಣಲು ಕಲಿತರು. ಎಡಗೈಯಲ್ಲಿ ಮೀನು ಹೆಚ್ಚಲು ಹೋಗಿ ಎರಡು ಸಲ ಗಾಯ ಮಾಡಿಕೊಂಡರು. ಜನ ಮೊದಲಿನಂತೆ ಬರುತ್ತಿದ್ದರು. ಬಂದವರನ್ನು ಅವರು ನನ್ನ ಕಡೆಗೆ ತೋರಿಸುತ್ತಿದ್ದರು. ನಾನು ಯಾರನ್ನೂ ಮುಟ್ಟಲಿಲ್ಲ. ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದೆ, ಅಪ್ಪನಿಗೆ ಫೋನ್ ಮಾಡಿ ರಿಕ್ಷಾ ಕರೆಸುತ್ತಿದ್ದೆ. ಪದ್ದಕ್ಕ ಸ್ವಲ್ಪ ದಿನ ಹೋಗಲಿ ಎಂದು ಕಾಯುತ್ತಿದ್ದರೆಂದು ನನಗೆ ಕೊನೆಯ ದಿನವೇ ತಿಳಿದದ್ದು.

ಏಪ್ರಿಲ್ ೬. ಬಿಸಿಲು, ಸೆಕೆ. ನಾನು ಎಣ್ಣೆ ಹಚ್ಚುತ್ತಿದ್ದಾಗ ಮರವಂತೆಯಿಂದ ಒಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಂದಳು. ಮಣಿಕಟ್ಟಿನ ಸಣ್ಣ ಉಳುಕು. ನೋಡಿದರೇ ಗೊತ್ತಾಗುವಂಥದ್ದು.

“ಕಟ್ಟ್,” ಎಂದರು ಪದ್ದಕ್ಕ.

“ನಾ ಇನ್ ಮುಟ್ಟೂದಿಲ್ಲೆ ಪದ್ದಕ್ಕ. ಆಸ್ಪತ್ರಿಗ್ ಹೋಯ್ಲಿ.”

ತಾಯಿ ಮಗಳು ನಮ್ಮಿಬ್ಬರ ಮುಖ ನೋಡಿದರು, ಸ್ವಲ್ಪ ಹೊತ್ತು ನಿಂತರು, ಹೋದರು. ಪದ್ದಕ್ಕ ಅವರು ಬಯಲು ದಾಟಿ ರಸ್ತೆಗೆ ಹತ್ತುವವರೆಗೂ ನೋಡುತ್ತಿದ್ದರು.

“ನಂಗೊಬ್ಬ ಮೈದ್ನ ಇದ್ದಿದ್ದ, ಶೀನ ಅಂದೇಳಿ. ಅತ್ತೆ ನೀರ್ ಬಿಟ್ಟ್ ಕೊಟ್ ಮೇಲೆ ನಾ ಮೊದ್ಲ್ ಕಟ್ಟದ್ದ್ ಅವನ್ ಕಾಲ್. ಓರೆ ಕೂಡ್ತ್. ಮೂವತ್ ವರ್ಷ ಮೀನ್ ಬಲಿ ಹೊತ್ಕಂಡ್ ಈ ಅಂಗ್ಳದ ಮೇಲೇ ಕುಂಟ್ತಾ ಹೋದ. ದಿನಾ ಕಾಂತಿದ್ದೆ. ಕಂಡ್ಕಂಡೇ ಇಷ್ಟ್ ಜನ್ರಿಗ್ ಕಟ್ಟದ್ದ್.”

“ನನ್ ಕೈಲಾತಿಲ್ಲೆ,” ಎಂದೆ.

ಅವರು ತಲೆಯಾಡಿಸಿದರು. ಒಪ್ಪಿದಂತೆಯೂ ಇತ್ತು, ದಣಿದಂತೆಯೂ ಇತ್ತು.

“ಕೈ ಹೋದ್ದಕ್ಕೆ ನಾ ಒಂದಿನ ಅಳಲಿಲ್ಲೆ ಹೆಣೆ. ಒಂದ್ ಕೈ ಹೋದ್ರ್ ಹೋಯ್ಲಿ, ಕಟ್ಟುವವ್ಳ್ ಒಬ್ಳ್ ಆತ್ತಳಲೆ ಅಂದ್ಕಂಡಿದ್ದೆ. ಅದೂ ಆಯಿಲ್ಲೆ.”

ನಾನು ಎಣ್ಣೆ ಹಚ್ಚುವುದನ್ನು ಮುಂದುವರಿಸಿದೆ. ಅಂದು ನಾನು ಆ ಹುಡುಗಿಯ ಕೈ ಮುಟ್ಟದೆ ಇದ್ದದ್ದು ತಪ್ಪೋ ಸರಿಯೋ ಈಗಲೂ ತಿಳಿಯದು. ಇನ್ನೊಂದು ಕೈಯನ್ನು ಉಳಿಸಿದೆ ಎಂದು ಒಂದೊಂದು ದಿನ ಅನ್ನಿಸುತ್ತದೆ. ಅವರಿಂದ ಕೊನೆಯದನ್ನೂ ಕಿತ್ತುಕೊಂಡೆ ಎಂದು ಉಳಿದ ದಿನ ಅನ್ನಿಸುತ್ತದೆ.

“ನಾಳಿಂದ ಬರ್ಬ್ಯಾಡ,” ಎಂದರು ಪದ್ದಕ್ಕ.

“ಎಣ್ಣಿ?”

“ಜಲಜ ಹಾಕ್ತಳ್.”

“ಸಿಟ್ ಬಂತಾ ಪದ್ದಕ್ಕ?”

“ಸಿಟ್ಟ್ ಎಂತಕೆ? ನೀ ಬಂದ್ರೆ ಕೈ ನೆನ್ಪಾತ್ತ್. ನೀ ಇಲ್ದಿರೆ ಅದರ ಪಾಡಿಗ್ ಅದ್ ಇತ್ತ್, ನನ್ ಪಾಡಿಗ್ ನಾ ಇದ್ದೆ.”

ನೂರ ಮೂವತ್ತೆಂಟು ದಿನ ಎಣ್ಣೆ ಹಚ್ಚಿದ್ದೆ. ಬೆರಳುಗಳನ್ನು ಬಟ್ಟೆಯಿಂದ ಒರೆಸಿದೆ, ಎಣ್ಣೆಯ ಬಟ್ಟಲನ್ನು ಒಳಗೆ ಕೊಂಡುಹೋಗಿ ಇಟ್ಟೆ, ಜಲಜಳಿಗೆ ಹೇಳಿ ಬಂದೆ. ನಾನು ಚಪ್ಪಲಿ ಮೆಟ್ಟುವಾಗ ಪದ್ದಕ್ಕ ಎಡಗೈಯಿಂದ ಸೆರಗು ಎಳೆದು, ಬಲಗೈಯನ್ನು ಅದರೊಳಗೆ ಮುಚ್ಚಿಟ್ಟುಕೊಂಡರು. ನಾನು ಬಯಲು ದಾಟಿ ತಿರುಗಿ ನೋಡಿದಾಗಲೂ ಅದನ್ನು ಹೊರಗೆ ತೆಗೆದಿರಲಿಲ್ಲ.